ತೆರೆಯ ಮೇಲಿನ ಹದಿಹರೆಯ: ಅದು ಯಾರ ಕಣ್ಣಿನದು?

ಪ್ರಶ್ನೆ: ನನ್ನ ಮಗಳಿಗೆ ಹದಿನೈದು ವರ್ಷ. ನಾನು ಮೆಚ್ಚಿಕೊಂಡ ಹದಿಹರೆಯದ ಚಿತ್ರಗಳನ್ನು ಅವಳ ಜೊತೆ ಕುಳಿತು ನೋಡಿದಾಗಲೆಲ್ಲ, "ನಾವು ಯಾರೂ ಹೀಗಿಲ್ಲಮ್ಮ, ಇದು ನಿಮಗೋಸ್ಕರ ಮಾಡಿದ ಸಿನಿಮಾ" ಎನ್ನುತ್ತಾಳೆ. ನನಗಾದರೋ ಅವೇ ಚಿತ್ರಗಳು ನನ್ನ ಆ ವಯಸ್ಸನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತವೆ. 'ಕಮಿಂಗ್ ಆಫ್ ಏಜ್' (ಬಾಲ್ಯ ದಾಟಿ ದೊಡ್ಡವರಾಗುವ ಕಥೆ) ಎಂದು ಕರೆಯುವ ಈ ಚಿತ್ರಗಳು ಹದಿಹರೆಯದವರನ್ನು ನಿಜವಾಗಿ ಹಾಗೆಯೇ ತೋರಿಸುತ್ತವೆಯೇ? ಅದನ್ನು ನಿರ್ಣಯಿಸುವುದು ಹೇಗೆ?

ಉತ್ತರ: ಇಬ್ಬರ ಮಾತೂ ಸರಿ ಎಂದರೆ ಜಾಣತನದಿಂದ ಜಾರಿಕೊಂಡಂತೆ ಕಾಣಬಹುದು. ಆದರೆ ಇಲ್ಲಿ ನಿಜಕ್ಕೂ ಇಬ್ಬರ ಮಾತೂ ಸರಿ, ಮತ್ತು ಮಗಳ ಮಾತಿನಲ್ಲಿ ಒಬ್ಬ ಒಳ್ಳೆಯ ವಿಮರ್ಶಕಿಯ ಗ್ರಹಿಕೆ ಇದೆ. ಆ ವಯಸ್ಸನ್ನು ಕುರಿತ ಚಿತ್ರಗಳನ್ನು ಆ ವಯಸ್ಸಿನವರು ಮಾಡುವುದು ತೀರ ಅಪರೂಪ. ಫ್ರಾನ್ಸ್‌ವಾ ತ್ರೂಫೊ ಅವರ 'ದಿ ಫೋರ್ ಹಂಡ್ರೆಡ್ ಬ್ಲೋಸ್' 1959ರಲ್ಲಿ ತೆರೆ ಕಂಡಾಗ ಅವರಿಗೆ 27 ವರ್ಷ. 'ದಿ ಬ್ರೇಕ್‌ಫಾಸ್ಟ್ ಕ್ಲಬ್' (1985) ಬರುವ ಹೊತ್ತಿಗೆ ಅದರ ನಿರ್ದೇಶಕ ಜಾನ್ ಹ್ಯೂಸ್ ಮೂವತ್ತೈದರ ಹೊಸ್ತಿಲಲ್ಲಿದ್ದರು. 'ಲೇಡಿ ಬರ್ಡ್' (2017) ನಿರ್ದೇಶಿಸಿದ ಗ್ರೆಟಾ ಗರ್ವಿಗ್ ಅವರಿಗೆ ಆಗ 34. ಇವರೆಲ್ಲರೂ ಆ ವಯಸ್ಸನ್ನು ದಾಟಿ ಬಂದು, ಹಿಂತಿರುಗಿ ನೋಡಿ, ತಮ್ಮ ನೆನಪಿನಿಂದ ಬೇಕಾದುದನ್ನು ಆಯ್ದುಕೊಂಡವರು. ಹಿಂತಿರುಗಿ ನೋಡುವವರಿಗೆ ಕಥೆ ಎಲ್ಲಿಗೆ ಮುಟ್ಟಿತೆಂಬುದು ಗೊತ್ತಿರುತ್ತದೆ, ಹದಿನೈದರ ಹುಡುಗಿಗೆ ಗೊತ್ತಿರುವುದಿಲ್ಲ. ನೀವು ಒಂದು ದೃಶ್ಯವನ್ನು ನೋಡಿ "ಇದೆಲ್ಲ ಕಳೆದುಹೋಗುತ್ತದೆ" ಎಂದು ಹಗುರಾಗುವ ಕ್ಷಣದಲ್ಲೇ ಅವಳಿಗೆ ಅದು ಸುಳ್ಳೆನಿಸುತ್ತದೆ, ಏಕೆಂದರೆ ಅವಳ ಪಾಲಿಗೆ ಅದು ಇನ್ನೂ ಕಳೆದಿಲ್ಲ.

ಆದ್ದರಿಂದ, ಬಟ್ಟೆ, ಮಾತು, ಶಾಲೆಯ ಮೊಗಸಾಲೆ ನಿಜದಂತಿವೆಯೇ ಎಂಬುದಕ್ಕಿಂತ ಹೆಚ್ಚು ಉಪಯುಕ್ತವಾದ ಒಂದು ಪ್ರಶ್ನೆಯನ್ನು ನಾನು ಇಂಥ ಚಿತ್ರಗಳ ಮುಂದಿಡುತ್ತೇನೆ: ಮುಂದೇನಾಗುತ್ತದೆಂದು ತಿಳಿಯದ ಆ ಸ್ಥಿತಿಯನ್ನು ಚಿತ್ರ ಗೌರವಿಸುತ್ತದೆಯೇ, ಅಥವಾ ತನಗೆ ತಿಳಿದಿರುವ ಅಂತ್ಯದ ಕಡೆಗೆ ಮಕ್ಕಳನ್ನು ತಳ್ಳಿಕೊಂಡು ಹೋಗುತ್ತದೆಯೇ? ನಟರ ಆಯ್ಕೆ, ಪಾತ್ರಗಳ ಅಚ್ಚು, ಕಥೆಯ ಕೊನೆ, ದೊಡ್ಡವರ ಚಿತ್ರಣ ಇವೆಲ್ಲವೂ ಈ ಒಂದು ಪ್ರಶ್ನೆಗೇ ಬಂದು ಸೇರುತ್ತವೆ.

ಕಣ್ಣಿಗೆ ಮೊದಲು ಬೀಳುವುದು ದೇಹ. 'ರೆಬೆಲ್ ವಿದೌಟ್ ಎ ಕಾಸ್' (1955) ಚಿತ್ರದಲ್ಲಿ ಪ್ರೌಢಶಾಲೆಯ ಹುಡುಗನಾಗಿ ಕಾಣಿಸಿಕೊಂಡ ಜೇಮ್ಸ್ ಡೀನ್ ಅವರಿಗೆ 24 ವರ್ಷವಾಗಿತ್ತು. 'ಗ್ರೀಸ್' (1978) ಚಿತ್ರೀಕರಣದ ವೇಳೆ ಶಾಲಾ ವಿದ್ಯಾರ್ಥಿನಿಯ ಪಾತ್ರ ವಹಿಸಿದ್ದ ಸ್ಟಾಕರ್ಡ್ ಚಾನಿಂಗ್ ಅವರಿಗೆ 33, ನಾಯಕಿ ಒಲಿವಿಯಾ ನ್ಯೂಟನ್-ಜಾನ್ ಅವರಿಗೆ 28. ಇದಕ್ಕೆ ವ್ಯಾವಹಾರಿಕ ಕಾರಣಗಳಿವೆ. ಅಪ್ರಾಪ್ತ ವಯಸ್ಕರು ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದೆಂಬುದಕ್ಕೆ ಅನೇಕ ಕಡೆ ಕಾನೂನಿನ ಮಿತಿ ಇರುತ್ತದೆ, ಅವರ ಓದಿಗೆ ವ್ಯವಸ್ಥೆ ಮಾಡಬೇಕಾಗುತ್ತದೆ, ರಾತ್ರಿಯ ಚಿತ್ರೀಕರಣ ಕಷ್ಟವಾಗುತ್ತದೆ. ವಯಸ್ಕ ನಟರಾದರೆ ಈ ಯಾವ ತೊಡಕೂ ಇಲ್ಲ. ಆದರೆ ಇದರ ಪರಿಣಾಮ ನಿರ್ಮಾಪಕರ ಲೆಕ್ಕಪತ್ರದಲ್ಲಿ ಮುಗಿಯುವುದಿಲ್ಲ. ಬೆಳವಣಿಗೆ ಪೂರ್ತಿಯಾದ ದೇಹ, ನೆಲೆಗೊಂಡ ದನಿ, ಕಲೆಯಿಲ್ಲದ ಚರ್ಮ, ಎಲ್ಲಿ ಕೈ ಇಟ್ಟುಕೊಳ್ಳಬೇಕೆಂದು ತಿಳಿದ ನಿಲುವು, ಇವುಗಳನ್ನೇ ಹದಿನಾರರ ಸಹಜ ರೂಪವೆಂದು ನಿಜವಾದ ಹದಿನಾರರವರ ಮುಂದಿಟ್ಟಂತಾಗುತ್ತದೆ. ಅವರು ತೆರೆಯನ್ನೂ ಕನ್ನಡಿಯನ್ನೂ ಹೋಲಿಸಿ ನೋಡಿ ಕೊರತೆ ತಮ್ಮದೇ ಎಂದುಕೊಳ್ಳುತ್ತಾರೆ. ಮುಜುಗರವೆಂಬುದು ಅಭಿನಯಿಸಿ ತೋರಿಸುವ ಹಾವಭಾವವಾಗುತ್ತದೆ, ದೇಹದಲ್ಲೇ ಇರುವ ಸಂಗತಿಯಾಗಿ ಉಳಿಯುವುದಿಲ್ಲ.

ಇದಕ್ಕೆ ಎದುರಾಗಿ ಬೋ ಬರ್ನ್‌ಹ್ಯಾಮ್ ಅವರ 'ಎಯ್ತ್ ಗ್ರೇಡ್' (2018) ಚಿತ್ರವನ್ನು ಇಟ್ಟು ನೋಡಬಹುದು. ಕೇಲಾ ಎಂಬ ಹುಡುಗಿಯ ಪಾತ್ರ ವಹಿಸಿದ ಎಲ್ಸಿ ಫಿಶರ್ ಅವರಿಗೆ ಚಿತ್ರೀಕರಣದ ವೇಳೆ 14 ವರ್ಷ. ಮುಖದ ಮೊಡವೆಗಳನ್ನು ಚಿತ್ರ ಮರೆಮಾಚುವುದಿಲ್ಲ. ಮಾತು ಅರ್ಧಕ್ಕೆ ನಿಂತು, ತಡವರಿಸಿ, ಬೇರೆ ದಾರಿ ಹಿಡಿಯುತ್ತದೆ. ಕೇಲಾ ಆತ್ಮವಿಶ್ವಾಸದ ಬಗ್ಗೆ ಇತರರಿಗೆ ಸಲಹೆ ನೀಡುವ ವಿಡಿಯೊಗಳನ್ನು ಮಾಡಿ ಹಾಕುತ್ತಾಳೆ, ಅವನ್ನು ನೋಡುವವರು ಇಲ್ಲವೆಂಬಷ್ಟು ಕಡಿಮೆ, ಮತ್ತು ಆ ಸಲಹೆ ಯಾರಿಗಿಂತ ಹೆಚ್ಚಾಗಿ ಬೇಕಾಗಿರುವುದು ಅವಳಿಗೇ. ಅಲ್ಲಿ ಯಾವ ವಿಲನ್ನೂ ಇಲ್ಲ, ದೊಡ್ಡ ದುರಂತವೂ ಇಲ್ಲ. ಒಂದು ಹುಟ್ಟುಹಬ್ಬಕ್ಕೆ ಹೋಗಿ ಈಜುಕೊಳಕ್ಕೆ ಇಳಿಯುವುದೇ ಯುದ್ಧಕ್ಕೆ ಹೊರಟಷ್ಟು ಕಠಿಣವಾಗಿದೆ. ಇದನ್ನು ನೋಡಿ ನಗುವ ದೊಡ್ಡವರಿದ್ದಾರೆ, ನಗಲಾಗದೆ ಕುಳಿತ ಮಕ್ಕಳೂ ಇದ್ದಾರೆ. ವಿಪರ್ಯಾಸವೆಂದರೆ ಅಮೆರಿಕದಲ್ಲಿ ಈ ಚಿತ್ರಕ್ಕೆ 'ಆರ್' ಶ್ರೇಣಿಯ ಪ್ರಮಾಣಪತ್ರ ಸಿಕ್ಕಿತು. ಅಂದರೆ ಚಿತ್ರ ಯಾರನ್ನು ಕುರಿತದ್ದೋ ಆ ವಯಸ್ಸಿನವರು ಹಿರಿಯರೊಬ್ಬರ ಜೊತೆಯಿಲ್ಲದೆ ಅದನ್ನು ನೋಡುವಂತಿರಲಿಲ್ಲ. ಹದಿಹರೆಯದ ನಿಜವನ್ನು ಹದಿಹರೆಯದವರಿಂದಲೇ ಕಾಪಾಡಬೇಕೆಂಬ ಈ ಆತಂಕವೂ ಆ ವಯಸ್ಸಿನ ಚಿತ್ರಣದ ಒಂದು ಭಾಗವೇ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ನಟರ ಜನ್ಮದಿನಾಂಕವನ್ನು ನೋಡಿ ತೀರ್ಪು ಕೊಡಲಾಗದು. 'ಲೇಡಿ ಬರ್ಡ್' ಚಿತ್ರೀಕರಣದ ಹೊತ್ತಿಗೆ ಅದರ ನಾಯಕಿ ಸರ್ಷಾ ರೊನನ್ ಇಪ್ಪತ್ತೆರಡು ದಾಟಿದ್ದರು. ಆದರೂ ಚಿತ್ರದ ಆರಂಭದಲ್ಲಿ ಕಾರಿನಲ್ಲಿ ಕುಳಿತ ತಾಯಿ ಮಗಳು ಒಂದೇ ಧ್ವನಿಮುದ್ರಿಕೆ ಕೇಳಿ ಒಟ್ಟಿಗೆ ಕಣ್ಣೀರಿಟ್ಟು, ಮರುನಿಮಿಷವೇ ಜಗಳಕ್ಕಿಳಿದು, ಮಗಳು ಚಲಿಸುವ ಕಾರಿನಿಂದ ಹೊರಗೆ ಹಾರಿಬಿಡುವ ದೃಶ್ಯದಲ್ಲಿ ಆ ವಯಸ್ಸಿನ ತರ್ಕ ಅಚ್ಚುಕಟ್ಟಾಗಿ ಸೆರೆಯಾಗಿದೆ. ಹದಿನಾಲ್ಕರ ನಿಜವಾದ ಮಗುವನ್ನೇ ನಿಲ್ಲಿಸಿ, ಅದರ ಬಾಯಲ್ಲಿ ನಲವತ್ತರ ವಿವೇಕವನ್ನು ಆಡಿಸಿದ ಚಿತ್ರಗಳೂ ಬೇಕಾದಷ್ಟಿವೆ.

ಎರಡನೆಯದು ಪಾತ್ರಗಳ ಅಚ್ಚು. 'ದಿ ಬ್ರೇಕ್‌ಫಾಸ್ಟ್ ಕ್ಲಬ್' ಐವರು ವಿದ್ಯಾರ್ಥಿಗಳನ್ನು ಒಂದು ಶನಿವಾರ ಶಿಕ್ಷೆಯಾಗಿ ಶಾಲೆಯ ಗ್ರಂಥಾಲಯದಲ್ಲಿ ಕೂಡಿಹಾಕುತ್ತದೆ: ಓದುವವನು, ಆಟಗಾರ, ವಿಚಿತ್ರ ಹುಡುಗಿ, ರಾಜಕುಮಾರಿ, ಪುಂಡ. ದೊಡ್ಡವರು ಹಚ್ಚಿದ ಈ ಹಣೆಪಟ್ಟಿಗಳನ್ನು ಕಿತ್ತೆಸೆಯುವುದು ತನ್ನ ಉದ್ದೇಶವೆಂದು ಚಿತ್ರವೇ ಸಾರುತ್ತದೆ, ಮತ್ತು ಮಕ್ಕಳು ನೆಲದ ಮೇಲೆ ಕುಳಿತು ಸುಮ್ಮನೆ ಮಾತಾಡುವುದೇ ಒಂದು ಸಿನಿಮಾ ಆಗಬಹುದೆಂದು ನಂಬಿದ್ದು ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಆದರೆ ಕೊನೆಯಲ್ಲಿ ನಡೆಯುವುದನ್ನು ಗಮನಿಸಿ. ವಿಚಿತ್ರ ಹುಡುಗಿಯ ಕಣ್ಣಿನ ಕಾಡಿಗೆ ಒರೆಸಿ, ಕೂದಲು ಬಾಚಿ, ತಿಳಿ ಬಣ್ಣದ ಉಡುಪು ತೊಡಿಸಿದ ಮೇಲಷ್ಟೇ ಆಟಗಾರನ ಕಣ್ಣಿಗೆ ಅವಳು ಬೀಳುತ್ತಾಳೆ. ಇತರರಿಗೆ ಜೋಡಿಗಳು ಕೂಡಿಬಂದಾಗ, ಎಲ್ಲರ ಪರವಾಗಿ ಶಿಕ್ಷೆಯ ಪ್ರಬಂಧ ಬರೆಯುವ ಕೆಲಸ ಓದುವವನ ಪಾಲಿಗೆ ಬರುತ್ತದೆ. ಹಣೆಪಟ್ಟಿ ಕೀಳಲು ಹೊರಟ ಚಿತ್ರ ಅದನ್ನು ಇನ್ನಷ್ಟು ಗಟ್ಟಿಯಾಗಿ ಅಂಟಿಸಿತು, ಮುಂದಿನ ದಶಕಗಳ ಹದಿಹರೆಯದ ಚಿತ್ರಗಳು ಅದೇ ಐದು ಅಚ್ಚುಗಳನ್ನು ಇಟ್ಟುಕೊಂಡು ಎರಕ ಹೊಯ್ದವು. ಅದರ ನಾಯಕಿಯರಲ್ಲಿ ಒಬ್ಬರಾದ ಮಾಲಿ ರಿಂಗ್‌ವಾಲ್ಡ್ 2018ರಲ್ಲಿ ಬರೆದ ಒಂದು ಲೇಖನದಲ್ಲಿ, ತಾವೇ ನಟಿಸಿದ ಹ್ಯೂಸ್ ಚಿತ್ರಗಳು ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯನ್ನು ಮರುಪರಿಶೀಲಿಸಿದರು. ಆ ಮರುಚಿಂತನೆಗೆ ಒಂದು ಪ್ರೇರಣೆ, ತಮ್ಮ ಮಗಳ ಜೊತೆ ಕುಳಿತು 'ದಿ ಬ್ರೇಕ್‌ಫಾಸ್ಟ್ ಕ್ಲಬ್' ನೋಡಿದ್ದು. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಚರ್ಚೆಗೆ ಒಳ್ಳೆಯ ಪೂರ್ವನಿದರ್ಶನವೇ ಇದೆ.

ಅಚ್ಚುಗಳ ಹಿಂದೆ ಇನ್ನೂ ಹಳೆಯದೊಂದು ನಂಬಿಕೆ ಕೆಲಸ ಮಾಡುತ್ತಿದೆ. 1904ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಿ. ಸ್ಟ್ಯಾನ್ಲಿ ಹಾಲ್ ಹದಿಹರೆಯವನ್ನು ಕುರಿತ ಎರಡು ಸಂಪುಟಗಳ ಗ್ರಂಥದಲ್ಲಿ ಅದನ್ನು ಬಿರುಗಾಳಿಯ, ಒತ್ತಡದ ಕಾಲವೆಂದು ಬಣ್ಣಿಸಿದರು. ಮುಂದೆ ಆ ಬಿರುಗಾಳಿ ಎಲ್ಲ ಸಮಾಜಗಳಿಗೂ ಅನಿವಾರ್ಯವೇ ಎಂಬ ಬಗ್ಗೆ ಮಾನವಶಾಸ್ತ್ರಜ್ಞರೂ ಮನಶ್ಶಾಸ್ತ್ರಜ್ಞರೂ ದೀರ್ಘ ವಾಗ್ವಾದ ನಡೆಸಿದರು. 1999ರಲ್ಲಿ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ ಈ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡು, ಹೆತ್ತವರೊಡನೆ ಘರ್ಷಣೆ, ಮನಃಸ್ಥಿತಿಯ ಏರಿಳಿತ, ಅಪಾಯಕ್ಕೆ ಕೈಹಾಕುವ ನಡವಳಿಕೆ ಈ ಮೂರೂ ಬೇರೆ ವಯೋಮಾನಗಳಿಗಿಂತ ಆ ವಯಸ್ಸಿನಲ್ಲಿ ಹೆಚ್ಚು ಕಂಡುಬರುವುದು ನಿಜವಾದರೂ ಎಲ್ಲ ಮಕ್ಕಳೂ ಅವುಗಳ ಮೂಲಕವೇ ಹಾದುಹೋಗುತ್ತಾರೆ ಎನ್ನಲಾಗದು ಎಂದು ವಾದಿಸಿದರು. ಸಿನಿಮಾಕ್ಕೆ ಈ ತಿದ್ದುಪಡಿ ಅಷ್ಟಾಗಿ ತಲುಪಿದಂತಿಲ್ಲ. ಘರ್ಷಣೆ, ಏರಿಳಿತ, ಅಪಾಯ ಮೂರೂ ನಾಟಕಕ್ಕೆ ಒಳ್ಳೆಯ ಸರಕು. ತಂದೆತಾಯಿಯ ಜೊತೆ ಹೆಚ್ಚುಕಡಿಮೆ ಚೆನ್ನಾಗಿಯೇ ಇರುವ, ಮಧ್ಯಾಹ್ನಗಳನ್ನು ಬೇಸರದಲ್ಲಿ ಕಳೆಯುವ, ಗೆಳತಿಯೊಬ್ಬಳು ಏಕೆ ಮಾತು ಬಿಟ್ಟಳೆಂದು ವಾರಗಟ್ಟಲೆ ಯೋಚಿಸುವ ಹುಡುಗಿಯ ಕಥೆಗೆ ಹಣ ಹೂಡುವವರು ಕಡಿಮೆ. ನಿಮ್ಮ ಮಗಳ "ನಾವು ಹೀಗಿಲ್ಲ" ಎಂಬ ದೂರಿನ ದೊಡ್ಡ ಪಾಲು ಇಲ್ಲಿಯದೇ ಇರಬಹುದು.

ಕೊನೆಗಳ ವಿಷಯಕ್ಕೆ ಬಂದರೆ, ಈ ಪ್ರಕಾರದ ರೂಢಿಯ ಚಿತ್ರ ಒಂದು ಘಟನೆಯನ್ನು ಹೆಬ್ಬಾಗಿಲಾಗಿ ನಿಲ್ಲಿಸುತ್ತದೆ: ಮೊದಲ ಪ್ರೇಮ, ಗೆಳೆಯನ ಸಾವು, ಶಾಲೆಯ ಬೀಳ್ಕೊಡುಗೆ. ಅದನ್ನು ದಾಟಿದವರು ದೊಡ್ಡವರು. ರಿಚರ್ಡ್ ಲಿಂಕ್‌ಲೇಟರ್ 'ಬಾಯ್‌ಹುಡ್' (2014) ಚಿತ್ರಕ್ಕಾಗಿ ಎಲ್ಲರ್ ಕೋಲ್ಟ್ರೇನ್ ಎಂಬ ಹುಡುಗನನ್ನು 2002ರಿಂದ 2013ರವರೆಗೆ ವರ್ಷವರ್ಷವೂ ಚಿತ್ರೀಕರಿಸಿದಾಗ, ಇಂಥ ಹೆಗ್ಗುರುತುಗಳನ್ನು ಬಹುಮಟ್ಟಿಗೆ ಬದಿಗಿಟ್ಟರು. ಅಲ್ಲಿ ಹುಡುಗ ಬೆಳೆಯುವುದು ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ. ಕೂದಲಿನ ಉದ್ದ ಬದಲಾಗಿರುತ್ತದೆ, ದನಿ ಒಡೆದಿರುತ್ತದೆ, ಯಾವಾಗ ಆಯಿತೆಂದು ನಮಗೂ ತಿಳಿಯದು, ಅವನಿಗೂ ತಿಳಿಯದು. ಕೆಲವು ಕಡೆ ಎಳೆದಂತಾಗುವ ಚಿತ್ರವೆಂಬುದನ್ನು ಒಪ್ಪುತ್ತೇನೆ, ಆದರೆ ಬೆಳವಣಿಗೆಯ ಗತಿಯನ್ನು ಇಷ್ಟು ಪ್ರಾಮಾಣಿಕವಾಗಿ ಹಿಡಿದ ಕಥಾಚಿತ್ರಗಳು ವಿರಳ.

ತ್ರೂಫೊ ಅವರ 'ದಿ ಫೋರ್ ಹಂಡ್ರೆಡ್ ಬ್ಲೋಸ್' ಮುಗಿಯುವುದು ಇನ್ನೊಂದು ಬಗೆಯಲ್ಲಿ. ಬಾಲಾಪರಾಧಿಗಳ ಕೇಂದ್ರದಿಂದ ತಪ್ಪಿಸಿಕೊಂಡ ಹುಡುಗ ಆಂತ್ವಾನ್ ಓಡುತ್ತ ಓಡುತ್ತ ಸಮುದ್ರವನ್ನು ಮುಟ್ಟುತ್ತಾನೆ, ಮುಂದೆ ಓಡಲು ನೆಲವಿಲ್ಲ, ತಿರುಗಿ ಕ್ಯಾಮೆರಾವನ್ನು ನೋಡುತ್ತಾನೆ, ಚಿತ್ರ ಅಲ್ಲಿಯೇ ಸ್ತಬ್ಧವಾಗುತ್ತದೆ. ಮುಂದೇನು ಎಂಬುದು ಅವನಿಗೆ ಗೊತ್ತಿಲ್ಲ, ನಿರ್ದೇಶಕರು ತಮಗೆ ಗೊತ್ತಿದೆಯೆಂದು ನಟಿಸುವುದೂ ಇಲ್ಲ. ನಾಗರಾಜ ಮಂಜುಳೆ ಅವರ ಮರಾಠಿ ಚಿತ್ರ 'ಫ್ಯಾಂಡ್ರಿ' (2013) ಈ ನೋಟವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಹಂದಿ ಹಿಡಿಯುವ ಕೆಲಸ ಮಾಡುವ ಮನೆತನದ ಹುಡುಗ ಜಬ್ಯಾ, ತಾನು ಮೆಚ್ಚಿದ ಹುಡುಗಿಯ ಕಣ್ಣೆದುರೇ ಅಪಮಾನಕ್ಕೀಡಾಗಿ, ಕೊನೆಗೆ ಅಣಕಿಸುವವನತ್ತ ಎಸೆದ ಕಲ್ಲು ನೇರವಾಗಿ ಕ್ಯಾಮೆರಾದತ್ತ, ಎಂದರೆ ಇಷ್ಟು ಹೊತ್ತು ಕುಳಿತು ನೋಡುತ್ತಿದ್ದ ನಮ್ಮತ್ತ ಬರುತ್ತದೆ. ಬಲಿತು ಬುದ್ಧಿವಂತನಾದ ಎಂಬ ಸಮಾಧಾನ ಅಲ್ಲಿ ಯಾರಿಗೂ ಸಿಗುವುದಿಲ್ಲ.

ಜಬ್ಯಾನ ವಿಷಯ ಬಂದದ್ದರಿಂದ ಇದನ್ನೂ ಹೇಳಬೇಕು. ತನ್ನನ್ನು ತಾನು ಹುಡುಕಿಕೊಳ್ಳಲು ಬಿಡುವಿರುವ ಹದಿಹರೆಯ ಎಲ್ಲರಿಗೂ ದೊರೆಯುವುದಿಲ್ಲ, ಆದರೆ ಈ ಪ್ರಕಾರ ಬಹುಕಾಲ ಅದನ್ನೇ ಎಲ್ಲರ ಹದಿಹರೆಯವೆಂದು ತೋರಿಸುತ್ತ ಬಂದಿತು. ಹಿರೊಕಾಝು ಕೊರೆಎಡ ಅವರ 'ನೋಬಡಿ ನೋಸ್' (2004) ಚಿತ್ರದಲ್ಲಿ ತಾಯಿ ಬಿಟ್ಟುಹೋದ ಮನೆಯಲ್ಲಿ 12 ವರ್ಷದ ಅಕಿರ ತಮ್ಮತಂಗಿಯರನ್ನು ಸಾಕುತ್ತಾನೆ. ಅವನಿಗೆ ದಂಗೆಯೇಳಲು ಎದುರಿಗೆ ದೊಡ್ಡವರೇ ಇಲ್ಲ. ಆ ಪಾತ್ರ ವಹಿಸಿದ ಯುಯಾ ಯಾಗಿರ ತಮ್ಮ 14ನೆಯ ವಯಸ್ಸಿಗೆ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಬ್ಯಾರಿ ಜೆಂಕಿನ್ಸ್ ಅವರ 'ಮೂನ್‌ಲೈಟ್' (2016) ಒಬ್ಬನೇ ಕಪ್ಪು ಹುಡುಗನನ್ನು ಮೂರು ವಯಸ್ಸುಗಳಲ್ಲಿ, ಮೂವರು ನಟರ ಮೂಲಕ, ಮೂರು ಹೆಸರುಗಳಡಿ ತೋರಿಸುತ್ತದೆ. ಚಿತ್ರೀಕರಣದ ವೇಳೆ ಆ ಮೂವರೂ ಪರಸ್ಪರ ಭೇಟಿಯಾಗದಂತೆ ನಿರ್ದೇಶಕರು ನೋಡಿಕೊಂಡರು. ಪೃಥ್ವಿ ಕೊಣನೂರು ಅವರ 'ಹದಿನೇಳೆಂಟು' (2022) ಚಿತ್ರದಲ್ಲಿ ಇಬ್ಬರು ವಿದ್ಯಾರ್ಥಿಗಳ ಖಾಸಗಿ ವಿಡಿಯೊ ಹೊರಬಿದ್ದ ಮೇಲೆ ಕಥೆಯ ಕೇಂದ್ರ ಅವರ ಪ್ರೇಮದಿಂದ ಸರಿದು, ಅವರನ್ನು ವಿಚಾರಿಸುವ ಕಾಲೇಜಿನ ಕೋಣೆಗಳಿಗೆ ಹೋಗುತ್ತದೆ. ಒಂದೇ ತಪ್ಪಿಗೆ ಹುಡುಗನಿಗೂ ಹುಡುಗಿಗೂ ಸಮಾಜ ಬೇರೆಬೇರೆ ಬೆಲೆ ಕಟ್ಟುತ್ತದೆಂಬುದನ್ನು ಆ ಕೋಣೆಗಳೇ ಹೇಳುತ್ತವೆ. ಹುಡುಗರ ಚಿತ್ರಗಳಲ್ಲಿ ಬೆಳೆಯುವುದೆಂದರೆ ಮನೆಬಿಟ್ಟು ಹೊರಡುವುದು. ಹುಡುಗಿಯರ ಚಿತ್ರಗಳಲ್ಲಿ ಅದು ಬಹಳ ಸಲ ಇತರರ ನೋಟಕ್ಕೆ ಗುರಿಯಾಗುವುದು, ಮತ್ತು ಆ ನೋಟವನ್ನು ತೋರಿಸುವ ನೆಪದಲ್ಲಿ ಕ್ಯಾಮೆರಾವೇ ಆ ನೋಟವಾಗಿಬಿಡುವ ಚಿತ್ರಗಳ ಬಗ್ಗೆ ಹೆತ್ತವರು ಎಚ್ಚರದಿಂದಿರುವುದು ಸರಿಯೇ.

ಇನ್ನು ದೊಡ್ಡವರು. ನನ್ನ ದೃಷ್ಟಿಯಲ್ಲಿ ಹದಿಹರೆಯದ ಚಿತ್ರದ ಗಟ್ಟಿತನ ಬಯಲಾಗುವುದು ಅದರ ದೊಡ್ಡವರಲ್ಲಿ. ಹುಡುಗರಿಗೆ ನ್ಯಾಯ ಒದಗಿಸುವ ಆತುರದಲ್ಲಿ ಚಿತ್ರಗಳು ತಂದೆಯನ್ನು ಹೇಡಿಯನ್ನಾಗಿ, ಶಿಕ್ಷಕರನ್ನು ಮೂರ್ಖರನ್ನಾಗಿ ಮಾಡುತ್ತವೆ. 'ರೆಬೆಲ್ ವಿದೌಟ್ ಎ ಕಾಸ್' ಚಿತ್ರದ ತಂದೆಯ ದೌರ್ಬಲ್ಯವನ್ನು ತೋರಿಸಲು ಅವನಿಗೆ ಅಡುಗೆಮನೆಯ ಏಪ್ರನ್ ತೊಡಿಸಲಾಗಿದೆ. ಇಂದು ಅದು ತಂದೆಗಿಂತ ಹೆಚ್ಚಾಗಿ ಆ ಕಾಲದ ದೃಷ್ಟಿಯನ್ನೇ ಬಯಲು ಮಾಡುತ್ತದೆ. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' (1956) ಈ ಸರಳ ದಾರಿಯನ್ನು ಹಿಡಿಯುವುದಿಲ್ಲ. ಕಲ್ಕತ್ತಾಕ್ಕೆ ಓದಲು ಹೋದ ಅಪು ರಜೆಗೆ ಬಂದಾಗ ತಾಯಿ ಸರ್ಬೊಜಯಾ ಮಾತಾಡಲು ಹಂಬಲಿಸುತ್ತಾಳೆ, ಅವನು ನಿದ್ದೆ ಹೋಗುತ್ತಾನೆ. ಅವನು ಕ್ರೂರಿಯಲ್ಲ, ಅವನ ಮನಸ್ಸು ಬೇರೆಲ್ಲೋ ಇದೆ, ಅಷ್ಟೇ. ಹೊರಡುವ ದಿನ ನಿಲ್ದಾಣದವರೆಗೆ ಹೋಗಿ, ಬಂದ ರೈಲನ್ನು ಹಾಗೆಯೇ ಬಿಟ್ಟುಕೊಟ್ಟು, ಹಿಂದಿರುಗಿ ಬಂದು ರೈಲು ತಪ್ಪಿತೆಂದು ತಾಯಿಗೆ ಹೇಳುತ್ತಾನೆ. ಪ್ರೀತಿಯನ್ನು ಪ್ರೀತಿಯೆಂದು ಹೇಳಲಾಗದ ವಯಸ್ಸನ್ನು ಆ ಒಂದು ಸಣ್ಣ ಸುಳ್ಳಿನಲ್ಲಿ ಇಡಲಾಗಿದೆ. ತಾಯಿಗೂ ಒಂದು ಒಳಬದುಕಿದೆಯೆಂದು ಚಿತ್ರ ತಿಳಿದಿರುವುದರಿಂದಲೇ ಮಗನ ಅನ್ಯಮನಸ್ಕತೆ ನಮಗೆ ಚುಚ್ಚುತ್ತದೆ.

ದೊಡ್ಡವರು ಕೇಳಿಸಿಕೊಳ್ಳುವ ದೃಶ್ಯಗಳನ್ನು ಹುಡುಕಿ ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಸದಾ ಹೇಳುತ್ತೇನೆ. ಕೆನ್ ಲೋಚ್ ಅವರ 'ಕೆಸ್' (1969) ಚಿತ್ರದಲ್ಲಿ ಶಾಲೆಯಲ್ಲಿ ಯಾವುದಕ್ಕೂ ಬಾರದವನೆನಿಸಿಕೊಂಡ ಬಿಲ್ಲಿ, ಒಬ್ಬ ಶಿಕ್ಷಕರು ಒತ್ತಾಯಿಸಿದಾಗ ತರಗತಿಯ ಮುಂದೆ ನಿಂತು ತಾನು ಪಳಗಿಸಿದ ಗಿಡುಗನ ಬಗ್ಗೆ ಹೇಳತೊಡಗುತ್ತಾನೆ. ಮಾತು ಮುಂದುವರಿದಂತೆ ಅವನ ದನಿ ಬದಲಾಗುತ್ತದೆ, ತರಗತಿ ಮೌನವಾಗುತ್ತದೆ. ಅದೇ ಚಿತ್ರದಲ್ಲಿ ಉದ್ಯೋಗಾಧಿಕಾರಿಯ ಮುಂದೆ ಕುಳಿತಾಗ ಅದೇ ಹುಡುಗ ಒಂದೊಂದೇ ಪದದ ಉತ್ತರ ಕೊಡುತ್ತಾನೆ. ಹುಡುಗ ಮೂಕನಲ್ಲ, ಅವನನ್ನು ಕೇಳುವವರಿಲ್ಲ ಎಂಬುದನ್ನು ಈ ಎರಡು ದೃಶ್ಯಗಳನ್ನು ಜೋಡಿಸಿಟ್ಟು ಚಿತ್ರ ತೋರಿಸುತ್ತದೆ. ತ್ರೂಫೊ ಅವರ ಚಿತ್ರದಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರು ಆಂತ್ವಾನನನ್ನು ಪ್ರಶ್ನಿಸುತ್ತಾರೆ, ಆದರೆ ಪ್ರಶ್ನೆಗಳು ಕೇಳಿಸುತ್ತವೆಯೇ ಹೊರತು ಪ್ರಶ್ನಿಸುವವರು ಕಾಣುವುದೇ ಇಲ್ಲ. ಇಡೀ ದೃಶ್ಯದಲ್ಲಿ ಮೇಜಿನ ಮೇಲೆ ಕೈ ಆಡಿಸುತ್ತ, ಕೆಳಗೆ ನೋಡುತ್ತ, ಒಮ್ಮೆ ತುಂಟ ನಗೆ ನಗುತ್ತ ಕುಳಿತ ಹುಡುಗನೊಬ್ಬನೇ. ಬರೆದುಕೊಟ್ಟ ಸಂಭಾಷಣೆಗೆ ಕಟ್ಟುಬೀಳದೆ, ಆಂತ್ವಾನನ ಪಾತ್ರ ವಹಿಸಿದ ಝಾನ್-ಪಿಯೆರ್ ಲಿಯೋ ಬಹುಮಟ್ಟಿಗೆ ತನ್ನದೇ ಮಾತಿನಲ್ಲಿ ಉತ್ತರಿಸಿದ. ಏಕೆ ಸುಳ್ಳು ಹೇಳುತ್ತೀಯ ಎಂಬ ಪ್ರಶ್ನೆಗೆ, ನಿಜ ಹೇಳಿದರೆ ನಂಬುವುದಿಲ್ಲ, ಅದಕ್ಕೆ ಸುಳ್ಳೇ ವಾಸಿ ಎಂಬರ್ಥದ ಉತ್ತರ ಬರುತ್ತದೆ. ನಿರ್ದೇಶಕರ ಸ್ವಂತ ಬಾಲ್ಯದ ನೆನಪಿನಿಂದ ಹುಟ್ಟಿದ ಚಿತ್ರವದು. ಆದರೂ ಆ ಕೆಲವು ನಿಮಿಷ ನೆನಪು ಪಕ್ಕಕ್ಕೆ ಸರಿದು, ಎದುರಿಗಿದ್ದ ಹುಡುಗನಿಗೆ ಜಾಗ ಬಿಟ್ಟುಕೊಟ್ಟಿದೆ. ನಿಮ್ಮ ಪ್ರಶ್ನೆಗೆ ಮಾನದಂಡವಾಗಿ ಒಂದೇ ದೃಶ್ಯವನ್ನು ಕೊಡಬೇಕಾದರೆ ನಾನು ಇದನ್ನೇ ಕೊಡುತ್ತೇನೆ.

ನಿಮ್ಮಿಬ್ಬರಿಗೂ ಒಂದು ಕಾರ್ಯಸಾಧ್ಯ ಸಲಹೆ. ಮುಂದಿನ ಚಿತ್ರವನ್ನು ಮಗಳೇ ಆರಿಸಲಿ, ಅದು ನಿಮಗೆ ಕಳಪೆಯೆನಿಸಿದರೂ ಅಡ್ಡಿಯಿಲ್ಲ. ಫೋನಿನ ಬೆಳಕಿನಲ್ಲಿ ನಡೆಯುವ ಅವಳ ಪೀಳಿಗೆಯ ಒಂಟಿತನವನ್ನಾಗಲಿ, ಗುಂಪಿನ ಮಾತುಕತೆಯಿಂದ ಹೊರಗಿಟ್ಟದ್ದು ತಡವಾಗಿ ತಿಳಿದಾಗ ಆಗುವ ನೋವನ್ನಾಗಲಿ ಹಿಡಿದ ಚಿತ್ರ ಯಾವುದೆಂದು ನಮ್ಮಂಥವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ. "ನಾವು ಹೀಗಿಲ್ಲ" ಎಂದಾಗ ವಾದಕ್ಕಿಳಿಯದೆ, ಯಾವ ದೃಶ್ಯದಲ್ಲಿ ಹಾಗನ್ನಿಸಿತೆಂದು ಕೇಳಿ, ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ಆ ಗಳಿಗೆಯಲ್ಲಿ ಯಾರ ಮುಖ ತೆರೆಯ ಮೇಲಿತ್ತು, ಹುಡುಗಿಯ ಮಾತು ಮುಗಿಯುವವರೆಗೆ ಕ್ಯಾಮೆರಾ ಕಾದಿತ್ತೇ, ಅಥವಾ ಅಷ್ಟರಲ್ಲೇ ಸಂಗೀತ ಏರಿ ಅವಳಿಗೇನು ಅನ್ನಿಸುತ್ತಿದೆಯೆಂದು ನಮಗೆ ತಿಳಿಸಿಬಿಟ್ಟಿತ್ತೇ ಎಂಬುದನ್ನು ಇಬ್ಬರೂ ಗಮನಿಸಿ. ನಂತರ ನಿಮ್ಮ ಆಯ್ಕೆಯಾಗಿ 'ಅಪರಾಜಿತೊ' ತೋರಿಸಬಹುದು. ಅದರಲ್ಲಿ ಅವಳಿಗೆ ಅಪು ಹತ್ತಿರವಾಗುವ ಸಾಧ್ಯತೆಯೇ ಹೆಚ್ಚು, ನಿಮಗೆ ಸರ್ಬೊಜಯಾ. ಆ ಚಿತ್ರದಲ್ಲಿ ಇಬ್ಬರಿಗೂ ಸ್ಥಳವಿದೆ.